ಯಂತ್ರ ದೊಡ್ಡದಾದರೆ ಶೋಧವೂ ದೊಡ್ಡದಾಗುತ್ತದೆಯೇ? ಸೈಕ್ಲೋಟ್ರಾನ್ ಕಟ್ಟಿದ ಅರ್ನೆಸ್ಟ್ ಲಾರೆನ್ಸ್ ಬದುಕು

2012ರ ಜುಲೈನಲ್ಲಿ ಹಿಗ್ಸ್ ಬೋಸಾನ್ ಸಿಕ್ಕಿದ ಸುದ್ದಿ ನಿಮಗೆ ನೆನಪಿರಬಹುದು. ಪತ್ರಿಕೆ, ಟಿವಿಗಳೆಲ್ಲ ಅದನ್ನು ದೇವಕಣ ಎಂದು ಕರೆದು ಸಂಭ್ರಮಿಸಿದವು. (ಆ ಕಣಕ್ಕೂ ದೇವರಿಗೂ ಯಾವ ಸಂಬಂಧವೂ ಇಲ್ಲ, ಅದು ಬೇರೆ ಮಾತು.) ಅದು ಸಿಕ್ಕಿದ್ದು ಜಿನೀವಾ ಬಳಿ ನೆಲದಡಿಯ 27 ಕಿಲೋಮೀಟರ್ ಸುತ್ತಳತೆಯ ಸುರಂಗದಲ್ಲಿರುವ ಕಣ ವೇಗವರ್ಧಕದಲ್ಲಿ. ಆಮೇಲೆ ಆ ಯಂತ್ರದ ಶಕ್ತಿಯನ್ನು ಇನ್ನಷ್ಟು ಏರಿಸಿದರು. ಆದರೆ ಹಿಗ್ಸ್‌ನಂಥ ಇನ್ನೊಂದು ಹೊಸ ಮೂಲಕಣ ಇದುವರೆಗೆ ಕಾಣಿಸಿಕೊಂಡಿಲ್ಲ. ಈಗ ಅಲ್ಲಿಯೇ 91 ಕಿಲೋಮೀಟರ್ ಸುತ್ತಳತೆಯ ಮತ್ತೊಂದು ಯಂತ್ರ ಕಟ್ಟುವ ಮಾತು ನಡೆಯುತ್ತಿದೆ. ಮೊದಲ ಹಂತದ ಅಂದಾಜು ವೆಚ್ಚವೇ ಸುಮಾರು 1,500 ಕೋಟಿ ಸ್ವಿಸ್ ಫ್ರಾಂಕ್.

ಇಷ್ಟು ಹಣಕ್ಕೆ ಎಷ್ಟು ವಿಜ್ಞಾನ ಸಿಗುತ್ತದೆ? ಗದ್ದೆಗೆ ಮೊದಲ ಚೀಲ ಗೊಬ್ಬರ ಹಾಕಿದಾಗ ಇಳುವರಿ ಚೆನ್ನಾಗಿ ಏರುತ್ತದೆ. ಎರಡನೆಯ ಚೀಲಕ್ಕೆ ಅಷ್ಟು ಏರುವುದಿಲ್ಲ, ಐದನೆಯ ಚೀಲ ಹಾಕಿದರೂ ಒಂದೇ, ಬಿಟ್ಟರೂ ಒಂದೇ. ಅರ್ಥಶಾಸ್ತ್ರದವರು ಇದನ್ನು ಇಳಿಮುಖ ಪ್ರತಿಫಲ ಎನ್ನುತ್ತಾರೆ. ಕಣ ವೇಗವರ್ಧಕಗಳ ವಿಷಯದಲ್ಲೂ ಹೀಗೇ ಆಗುತ್ತಿದೆಯೇ ಎಂಬ ಚರ್ಚೆ ಇಂದು ನಿನ್ನೆಯದಲ್ಲ. ಮೊದಲ ವೃತ್ತಾಕಾರದ ವೇಗವರ್ಧಕವನ್ನು ಕಟ್ಟಿದ, ಮತ್ತೆ ಅದನ್ನು ಬೆಳೆಸುತ್ತಲೇ ಹೋದ ಅರ್ನೆಸ್ಟ್ ಲಾರೆನ್ಸ್ ಎಂಬ ಒಬ್ಬರೇ ಮನುಷ್ಯರ ಬದುಕಿನಲ್ಲಿ ಅದರ ಇಡೀ ಕಥೆ ಇದೆ.

ಜೋಕಾಲಿಯ ಉಪಾಯ

ಅರ್ನೆಸ್ಟ್ ಒರ್ಲಾಂಡೊ ಲಾರೆನ್ಸ್ ಹುಟ್ಟಿದ್ದು 1901ರ ಆಗಸ್ಟ್ 8ರಂದು, ಅಮೆರಿಕದ ದಕ್ಷಿಣ ಡಕೋಟಾ ರಾಜ್ಯದ ಕ್ಯಾಂಟನ್ ಎಂಬ ಪುಟ್ಟ ಊರಿನಲ್ಲಿ. ನಾರ್ವೆಯಿಂದ ವಲಸೆ ಬಂದವರ ಮನೆತನ. ತಂದೆ ಶಿಕ್ಷಣ ಇಲಾಖೆಯಲ್ಲಿದ್ದರು, ತಾಯಿಯೂ ಪಾಠ ಹೇಳಿದವರು. ನೆರೆಮನೆಯ ಗೆಳೆಯ ಮರ್ಲ್ ಟ್ಯೂವ್ ಜೊತೆ ಸೇರಿ ಹುಡುಗ ಲಾರೆನ್ಸ್ ರೇಡಿಯೊ ಕಟ್ಟಿ ಆಡುತ್ತಿದ್ದ. ಈ ಟ್ಯೂವ್ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಕಾಲೇಜಿನ ಖರ್ಚಿಗೆ ಲಾರೆನ್ಸ್ ಮನೆಮನೆಗೆ ಹೋಗಿ ಅಲ್ಯೂಮಿನಿಯಂ ಪಾತ್ರೆ ಮಾರಿದ್ದೂ ಉಂಟು. ಯಾರನ್ನಾದರೂ ಒಪ್ಪಿಸಿ ಹಣ ಹೊರಡಿಸುವ ಕಲೆಯನ್ನು ಅವರು ಕಲಿತದ್ದು ಅಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಆ ಕಲೆ ಮುಂದೆ ಬಹಳ ಉಪಯೋಗಕ್ಕೆ ಬಂತು.

ಮೊದಲು ವೈದ್ಯನಾಗಬೇಕೆಂದಿದ್ದ ಅವರನ್ನು ಕಾಲೇಜಿನ ಮೇಷ್ಟರೊಬ್ಬರು ಭೌತಶಾಸ್ತ್ರದತ್ತ ತಿರುಗಿಸಿದರು. 1925ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಬಂತು. 1928ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಗೆ ಹೋದರು. ಎರಡೇ ವರ್ಷದಲ್ಲಿ ಅಲ್ಲಿನ ಅತಿ ಕಿರಿಯ ಪ್ರೊಫೆಸರ್ ಆದರು.

ಆ ಕಾಲದ ಭೌತವಿಜ್ಞಾನಿಗಳೆಲ್ಲರ ತಲೆಯಲ್ಲಿ ಒಂದೇ ಯೋಚನೆ: ಪರಮಾಣುವಿನ ನಡುವಿನ ಬೀಜವನ್ನು ಒಡೆಯುವುದು ಹೇಗೆ? ಅದಕ್ಕೆ ಪ್ರೋಟಾನ್‌ನಂಥ ಚಿಕ್ಕ ಕಣವನ್ನು ಗುಂಡಿನಂತೆ ಹೊಡೆಯಬೇಕು. ಗುಂಡಿಗೆ ವೇಗ ಬೇಕು, ವೇಗಕ್ಕೆ ವೋಲ್ಟೇಜ್ ಬೇಕು. ಒಂದು ಪ್ರೋಟಾನನ್ನು ಒಂದು ವೋಲ್ಟ್ ವ್ಯತ್ಯಾಸದಲ್ಲಿ ನೂಕಿದರೆ ಅದಕ್ಕೆ ಬರುವ ಶಕ್ತಿ ಒಂದು ಎಲೆಕ್ಟ್ರಾನ್ ವೋಲ್ಟ್. ಬೀಜ ಒಡೆಯಲು ಲಕ್ಷಗಟ್ಟಲೆ ಬೇಕು. ಹಾಗಂತ ಹತ್ತು ಲಕ್ಷ ವೋಲ್ಟ್ ಕೂಡಿಸಿ ಇಡಲು ಹೋದರೆ ಗಾಳಿಯಲ್ಲೇ ಕಿಡಿ ಹಾರಿ ಎಲ್ಲವೂ ಸೋರಿಹೋಗುತ್ತದೆ. ಯಂತ್ರವನ್ನು ದೊಡ್ಡದು ಮಾಡಿದಷ್ಟೂ ಕಿಡಿಯ ಕಾಟ ಹೆಚ್ಚು, ಲಾಭ ಕಡಿಮೆ. ಅಂದರೆ ನಮ್ಮ ಐದನೆಯ ಗೊಬ್ಬರದ ಚೀಲ ಅಲ್ಲಿಯೇ, ವೇಗವರ್ಧಕಗಳ ಹುಟ್ಟಿನಲ್ಲೇ ಕುಳಿತಿತ್ತು.

1929ರ ಒಂದು ಸಂಜೆ ಲಾರೆನ್ಸ್ ಗ್ರಂಥಾಲಯದಲ್ಲಿ ಜರ್ಮನ್ ಪತ್ರಿಕೆಯೊಂದನ್ನು ತಿರುವುತ್ತಿದ್ದರು. ರೋಲ್ಫ್ ವಿಡೆರೋ ಎಂಬ ನಾರ್ವೆಯ ಎಂಜಿನಿಯರ್ ಬರೆದ ಲೇಖನ ಕಣ್ಣಿಗೆ ಬಿತ್ತು. ಲಾರೆನ್ಸ್‌ಗೆ ಜರ್ಮನ್ ಸರಿಯಾಗಿ ಬರುತ್ತಿರಲಿಲ್ಲ, ಚಿತ್ರ ನೋಡಿದರು. ಒಂದೇ ಸಲ ದೊಡ್ಡದಾಗಿ ನೂಕುವ ಬದಲು ಕಡಿಮೆ ವೋಲ್ಟೇಜಿನಲ್ಲಿ ಮತ್ತೆ ಮತ್ತೆ ನೂಕುವ ಉಪಾಯ ಅಲ್ಲಿತ್ತು. ಜೋಕಾಲಿ ತೂಗುವುದು ಹೀಗೇ ಅಲ್ಲವೇ? ಮಗು ಹಿಂದಕ್ಕೆ ಬಂದಾಗಲೆಲ್ಲ ಒಂದು ಸಣ್ಣ ತಳ್ಳು ಕೊಟ್ಟರೆ ಸಾಕು, ಜೋಕಾಲಿ ತಾನಾಗಿ ಎತ್ತರಕ್ಕೆ ಏರುತ್ತದೆ. ಆದರೆ ವಿಡೆರೋ ಕಣವನ್ನು ನೇರ ಸಾಲಿನಲ್ಲಿ ಓಡಿಸಿದ್ದರು. ಹೆಚ್ಚು ಶಕ್ತಿ ಬೇಕೆಂದರೆ ಸಾಲು ಉದ್ದವಾಗುತ್ತಲೇ ಹೋಗಬೇಕು.

ಲಾರೆನ್ಸ್‌ಗೆ ಹೊಳೆದದ್ದು ಕಣವನ್ನು ಕಾಂತದಿಂದ ಬಗ್ಗಿಸಿ ಸುತ್ತು ಹಾಕಿಸುವುದು. ಆಗ ಒಂದೇ ಜಾಗದಲ್ಲಿ ನಿಂತು ನೂರಾರು ಸಲ ತಳ್ಳಬಹುದು. ಇದರಲ್ಲೊಂದು ಸೊಗಸಾದ ಲೆಕ್ಕಾಚಾರವಿದೆ. ಕಣ ವೇಗ ಪಡೆದಂತೆ ಅದರ ಸುತ್ತು ದೊಡ್ಡದಾಗುತ್ತದೆ. ಸುತ್ತು ದೊಡ್ಡದು, ವೇಗವೂ ಹೆಚ್ಚು. ಹಾಗಾಗಿ ಒಂದು ಸುತ್ತಿಗೆ ಬೇಕಾಗುವ ಹೊತ್ತು ಬದಲಾಗುವುದೇ ಇಲ್ಲ. ತಳ್ಳುವವನು ಒಂದೇ ತಾಳದಲ್ಲಿ ತಳ್ಳುತ್ತಿದ್ದರೆ ಸಾಕು.

ಸ್ಟ್ಯಾನ್ಲಿ ಲಿವಿಂಗ್‌ಸ್ಟನ್ ಎಂಬ ವಿದ್ಯಾರ್ಥಿ ಹಗಲಿರುಳು ದುಡಿದು 1931ರ ಜನವರಿಯಲ್ಲಿ ಇದನ್ನು ನಡೆಸಿ ತೋರಿಸಿದ. ಹಿತ್ತಾಳೆ, ಗಾಜು, ಅರಗು ಸೇರಿಸಿ ಮಾಡಿದ ನಾಲ್ಕೂವರೆ ಇಂಚು ಅಗಲದ ಡಬ್ಬಿ ಅದು, ಅಂಗೈ ಮೇಲೆ ಇಡಬಹುದಾಗಿತ್ತು. ಖರ್ಚು ಸುಮಾರು 25 ಡಾಲರ್ ಎನ್ನುತ್ತಾರೆ. ಎರಡು ಸಾವಿರಕ್ಕಿಂತ ಕಡಿಮೆ ವೋಲ್ಟ್ ಕೊಟ್ಟು 80,000 ಎಲೆಕ್ಟ್ರಾನ್ ವೋಲ್ಟ್ ಶಕ್ತಿಯ ಜಲಜನಕದ ಅಯಾನ್‌ಗಳು ಹೊರಬಂದವು. ಮುಂದಿನ ಒಂದು ವರ್ಷದಲ್ಲಿ 11 ಇಂಚಿನ ಯಂತ್ರ ಹತ್ತು ಲಕ್ಷವನ್ನೂ ದಾಟಿತು. ದೊಡ್ಡ ಯಂತ್ರಗಳ ಯುಗದ ಮೊದಲ ಯಂತ್ರ ದೊಡ್ಡದಾಗಿರಲಿಲ್ಲ ಎಂಬುದನ್ನು ಗಮನಿಸಿ. ಗಾತ್ರದ ಗೋಡೆಗೆ ಡಿಕ್ಕಿ ಹೊಡೆದು ನಿಂತಿದ್ದವರಿಗೆ ಪಕ್ಕದ ಬಾಗಿಲು ತೋರಿಸಿದ ಯೋಚನೆ ಅದು.

ಒಂದೇ ಸ್ವಿಚ್‌ನ ಕಥೆ

ಯೋಚನೆ ಗೆದ್ದಿತು. ಲಾರೆನ್ಸ್ ಈಗ ಗಾತ್ರದ ಹಿಂದೆ ಹೊರಟರು. ರೇಡಿಯೊ ಕಂಪನಿಯೊಂದರಲ್ಲಿ ಬಳಕೆಗೆ ಬಾರದೆ ಬಿದ್ದಿದ್ದ ಸುಮಾರು 80 ಟನ್ ತೂಕದ ಕಾಂತವನ್ನು ತರಿಸಿ, ಹಳೆಯ ಮರದ ಕಟ್ಟಡವೊಂದರಲ್ಲಿ ಸ್ಥಾಪಿಸಿದರು. ಅದೇ ಬರ್ಕ್ಲಿಯ ವಿಕಿರಣ ಪ್ರಯೋಗಾಲಯ. 27 ಇಂಚು, 37 ಇಂಚು, 60 ಇಂಚು ಎಂದು ಸೈಕ್ಲೋಟ್ರಾನ್‌ಗಳು ಬೆಳೆದವು. ಹುಡುಗರು ಪಾಳಿಯಲ್ಲಿ ರಾತ್ರಿಯಿಡೀ ಕೆಲಸ ಮಾಡುತ್ತಿದ್ದರು. ಸೋರುವ ನಿರ್ವಾತ ಪೆಟ್ಟಿಗೆಗೆ ಮೇಣ ಮೆತ್ತುವುದು, ಸುಟ್ಟುಹೋದ ಭಾಗ ಬದಲಿಸುವುದು, ಕಣಗಳ ಹರಿವನ್ನು ಇನ್ನೊಂದಿಷ್ಟು ಹೆಚ್ಚಿಸುವುದು. ಜಗತ್ತಿನಲ್ಲೇ ಅತಿ ಬಲಶಾಲಿ ಯಂತ್ರ ಅವರ ಬಳಿ ಇತ್ತು. ಆದರೆ ಆ ದಶಕದ ದೊಡ್ಡ ಶೋಧಗಳನ್ನು ನೋಡಿದರೆ ವಿಚಿತ್ರವೆನ್ನಿಸುತ್ತದೆ.

1932ರ ಏಪ್ರಿಲ್‌ನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಾಕ್‌ಕ್ರಾಫ್ಟ್ ಮತ್ತು ವಾಲ್ಟನ್ ಯಂತ್ರದಿಂದ ಹೊರಟ ಪ್ರೋಟಾನ್ ಬಳಸಿ ಲಿಥಿಯಂ ಬೀಜವನ್ನು ಒಡೆದರು. ಅವರ ಯಂತ್ರದ ಶಕ್ತಿ ಬರ್ಕ್ಲಿಯ ಯಂತ್ರಕ್ಕಿಂತ ಕಡಿಮೆ. ಆದರೆ ಗೇಮೋವ್ ಎಂಬ ಸಿದ್ಧಾಂತಿಯ ಲೆಕ್ಕವನ್ನು ಅವರು ಓದಿಕೊಂಡಿದ್ದರು. ಬೀಜದ ಗೋಡೆಯನ್ನು ಹಾರಲೇಬೇಕಿಲ್ಲ, ಕ್ವಾಂಟಂ ನಿಯಮದಂತೆ ಅದರೊಳಗೆ ನುಸುಳಬಹುದು, ಕೆಲವು ಲಕ್ಷ ವೋಲ್ಟ್ ಸಾಕು ಎಂದು ಆ ಲೆಕ್ಕ ಹೇಳುತ್ತಿತ್ತು. ಬರ್ಕ್ಲಿಯವರ ಬಳಿ ಅದಕ್ಕೆ ಬೇಕಾದ ಶಕ್ತಿ ಆಗಲೇ ಇತ್ತು, ಒಡೆದ ಚೂರುಗಳನ್ನು ಎಣಿಸುವ ಉಪಕರಣ ಸಿದ್ಧವಿರಲಿಲ್ಲ. ಸುದ್ದಿ ಬಂದಾಗ ಲಾರೆನ್ಸ್ ಮಧುಚಂದ್ರದಲ್ಲಿದ್ದರು. ಅಲ್ಲಿಂದಲೇ ತಂತಿ ಕಳಿಸಿ, ಲಿಥಿಯಂ ಹುಡುಕಿ ಕೆಲಸ ಶುರುಮಾಡಿ ಎಂದು ತಿಳಿಸಿದರಂತೆ.

ಮರುವರ್ಷದ್ದು ಇನ್ನೂ ಮುಜುಗರದ ಪ್ರಸಂಗ. ಭಾರಜಲಜನಕದ ಬೀಜಗಳನ್ನು, ಅಂದರೆ ಡ್ಯೂಟೆರಾನ್‌ಗಳನ್ನು, ಬೇರೆ ಬೇರೆ ಲೋಹಗಳ ಮೇಲೆ ಹೊಡೆದಾಗ ಎಲ್ಲದರಿಂದಲೂ ಒಂದೇ ಬಗೆಯ ಪ್ರೋಟಾನ್‌ಗಳು ಹೊರಬರುತ್ತಿದ್ದವು. ಡ್ಯೂಟೆರಾನ್ ತಾನೇ ಒಡೆಯುತ್ತಿದೆ ಎಂದು ಲಾರೆನ್ಸ್ ಘೋಷಿಸಿದರು. 1933ರ ಅಕ್ಟೋಬರ್‌ನಲ್ಲಿ ಬ್ರಸೆಲ್ಸ್‌ನ ಸಾಲ್ವೇ ಸಮ್ಮೇಳನದಲ್ಲಿ ಯೂರೋಪಿನ ಘಟಾನುಘಟಿಗಳು ಇದನ್ನು ಒಪ್ಪಲಿಲ್ಲ. ಕೊನೆಗೆ ತಪ್ಪು ಬಯಲಾಯಿತು. ಹೊಡೆದ ಡ್ಯೂಟೆರಾನ್‌ಗಳೇ ಲೋಹದ ಮೈಗೆ ಅಂಟಿಕೊಂಡಿದ್ದವು, ಆಮೇಲೆ ಬಂದವು ಅವಕ್ಕೇ ಬಡಿಯುತ್ತಿದ್ದವು. ಇದನ್ನು ತೋರಿಸಿಕೊಟ್ಟವರಲ್ಲಿ ಒಬ್ಬರು ಬಾಲ್ಯದ ಗೆಳೆಯ ಮರ್ಲ್ ಟ್ಯೂವ್. ಅಷ್ಟು ಹೊತ್ತಿಗೆ ಅವರು ವಾಷಿಂಗ್ಟನ್‌ನಲ್ಲಿ ಚಿಕ್ಕ, ಆದರೆ ಅಳತೆಯಲ್ಲಿ ನಿಖರವಾದ ಯಂತ್ರ ಇಟ್ಟುಕೊಂಡಿದ್ದರು. ಲಾರೆನ್ಸ್ ತಮ್ಮ ತಪ್ಪನ್ನು ಬಹಿರಂಗವಾಗಿ ಒಪ್ಪಿಕೊಂಡರು, ಅದನ್ನು ಮೆಚ್ಚಬೇಕು. ಆದರೆ ಅವರ ಕಣ್ಣೆದುರು ನಡೆಯುತ್ತಿದ್ದದ್ದು ಎರಡು ಡ್ಯೂಟೆರಾನ್‌ಗಳು ಕೂಡುವ ಬೀಜ ಸಮ್ಮಿಲನ! ಅದನ್ನು ಗುರುತಿಸಿದ ಹೆಮ್ಮೆ 1934ರಲ್ಲಿ ಕೇಂಬ್ರಿಜ್‌ನ ರುದರ್‌ಫರ್ಡ್ ತಂಡಕ್ಕೆ ಹೋಯಿತು.

ಇನ್ನು ಸ್ವಿಚ್‌ನ ಕಥೆ. 1934ರ ಆರಂಭದಲ್ಲಿ ಪ್ಯಾರಿಸ್‌ನಲ್ಲಿ ಐರೀನ್ ಕ್ಯೂರಿ ಮತ್ತು ಅವರ ಪತಿ ಫ್ರೆಡೆರಿಕ್ ಜೋಲಿಯೊ, ಚೂರು ಪೊಲೊನಿಯಂ ಮತ್ತು ಅಲ್ಯೂಮಿನಿಯಂ ಹಾಳೆ ಇಟ್ಟುಕೊಂಡು ಕೃತಕ ವಿಕಿರಣಶೀಲತೆಯನ್ನು ಕಂಡುಹಿಡಿದರು. ಹೊಡೆತ ನಿಲ್ಲಿಸಿದ ಮೇಲೂ ಅಲ್ಯೂಮಿನಿಯಂ ಸ್ವಲ್ಪ ಹೊತ್ತು ವಿಕಿರಣ ಸೂಸುತ್ತಲೇ ಇತ್ತು. ಮರುವರ್ಷ ನೊಬೆಲ್ ಬಂತು. ಬರ್ಕ್ಲಿಯ ಸೈಕ್ಲೋಟ್ರಾನ್ ಇಂಥ ವಿಕಿರಣಶೀಲ ವಸ್ತುಗಳನ್ನು ತಿಂಗಳುಗಟ್ಟಲೆಯಿಂದ ತಯಾರಿಸುತ್ತಲೇ ಇತ್ತು! ಯಾರಿಗೂ ಯಾಕೆ ಗೊತ್ತಾಗಲಿಲ್ಲ? ಯಾಕೆಂದರೆ ವಿಕಿರಣ ಎಣಿಸುವ ಗೈಗರ್ ಕೌಂಟರ್ ಮತ್ತು ಸೈಕ್ಲೋಟ್ರಾನ್ ಎರಡಕ್ಕೂ ಇದ್ದದ್ದು ಒಂದೇ ಸ್ವಿಚ್. ಅನುಕೂಲಕ್ಕೆಂದು ಹಾಗೆ ಮಾಡಿಕೊಂಡಿದ್ದರು. ಯಂತ್ರ ಆರಿಸಿದ ಕೂಡಲೇ ಕೌಂಟರ್ ಕೂಡ ಆರುತ್ತಿತ್ತು. ಪ್ಯಾರಿಸ್‌ನ ಸುದ್ದಿ ಓದಿದ ಲಾರೆನ್ಸ್ ಪ್ರಯೋಗಾಲಯಕ್ಕೆ ಓಡಿಬಂದರು. ತಂತಿ ಬದಲಿಸಿ, ಕೆಲ ನಿಮಿಷ ಯಂತ್ರ ಓಡಿಸಿ, ಅದನ್ನು ನಿಲ್ಲಿಸಿ ಕೌಂಟರ್ ಮಾತ್ರ ಹಾಕಿದರು. ಟಕ್, ಟಕ್, ಟಕ್ ಎಂದು ಅದು ಎಣಿಸತೊಡಗಿತು. ಸುತ್ತ ನಿಂತಿದ್ದವರ ಮುಖ ಹೇಗಿದ್ದಿರಬೇಕು ಎಂದು ನೀವೇ ಊಹಿಸಿಕೊಳ್ಳಿ.

ಇಷ್ಟಕ್ಕೇ ಮುಗಿಯಲಿಲ್ಲ. 1938ರ ಕೊನೆಯಲ್ಲಿ ಬರ್ಲಿನ್‌ನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಯುರೇನಿಯಂ ಬೀಜ ಇಬ್ಭಾಗವಾಗುವುದನ್ನು ಕಂಡರು. ಅವರ ಇಡೀ ಸಲಕರಣೆ ಒಂದು ಮೇಜಿನ ಮೇಲೆ ಹಿಡಿಸುವಷ್ಟು. ಬರ್ಕ್ಲಿಯ ಲೂಯಿ ಆಲ್ವಾರೆಜ್ ಕ್ಷೌರ ಮಾಡಿಸಿಕೊಳ್ಳುತ್ತ ಪತ್ರಿಕೆಯಲ್ಲಿ ಈ ಸುದ್ದಿ ಓದಿ, ಅರ್ಧಕ್ಕೇ ಕುರ್ಚಿಯಿಂದೆದ್ದು ಪ್ರಯೋಗಾಲಯಕ್ಕೆ ಓಡಿದರಂತೆ.

ಲಾರೆನ್ಸ್ ತಂಡದವರು ದಡ್ಡರಾಗಿರಲಿಲ್ಲ. ಅವರಲ್ಲಿ ಹಲವರಿಗೆ ಮುಂದೆ ನೊಬೆಲ್ ಬಂದಿದೆ. ಆದರೆ ಯಂತ್ರ ದೊಡ್ಡದಾದಂತೆ ಅದನ್ನು ಸಾಕುವುದೇ ಪೂರ್ಣಾವಧಿ ಕೆಲಸವಾಯಿತು. ಮುಂದಿನ ಯಂತ್ರಕ್ಕೆ ಹಣ ಹೊಂದಿಸುವುದು ಲಾರೆನ್ಸ್ ಅವರ ಕೆಲಸವಾಯಿತು. ಯಂತ್ರಕ್ಕೆ ಏನು ಕೇಳಬೇಕು ಎಂದು ಕುಳಿತು ಯೋಚಿಸಲು ಸಮಯವಿದ್ದದ್ದು ಚಿಕ್ಕ ಮೇಜಿನವರಿಗೆ.

ಹಣ ಎಲ್ಲಿಂದ ಬಂತು, ಫಲ ಎಲ್ಲಿ ಸಿಕ್ಕಿತು

ಹಾಗಾದರೆ ಸೈಕ್ಲೋಟ್ರಾನ್‌ಗಳಿಂದ ಏನೂ ಸಿಗಲಿಲ್ಲವೇ? ಬೇಕಾದಷ್ಟು ಸಿಕ್ಕಿತು, ಆದರೆ ಹುಡುಕಿದ ಕಡೆಯಲ್ಲಲ್ಲ. ಬರ್ಕ್ಲಿಯಿಂದ ಅಂಚೆಯಲ್ಲಿ ಕಳಿಸಿದ, ಸೈಕ್ಲೋಟ್ರಾನ್‌ನಲ್ಲಿ ಸವೆದ ಮಾಲಿಬ್ಡಿನಂ ಪಟ್ಟಿಯೊಂದರಲ್ಲಿ ಇಟಲಿಯ ಎಮಿಲಿಯೊ ಸೆಗ್ರೆ 1937ರಲ್ಲಿ ಟೆಕ್ನೀಶಿಯಂ ಎಂಬ ಹೊಸ ಮೂಲವಸ್ತುವನ್ನು ಗುರುತಿಸಿದರು. ಅದರ ಒಂದು ರೂಪವನ್ನು ಇಂದು ಹೃದಯ, ಮೂಳೆಗಳ ಸ್ಕ್ಯಾನ್‌ಗೆ ಲೋಕದ ಎಲ್ಲೆಡೆ ಬಳಸುತ್ತಾರೆ. ಥೈರಾಯ್ಡ್ ಚಿಕಿತ್ಸೆಯ ಅಯೋಡಿನ್ 131 ಸಿಕ್ಕಿದ್ದು 1938ರಲ್ಲಿ. ಹಳೆಯ ಮೂಳೆ, ಮರಗಳ ವಯಸ್ಸು ಹೇಳುವ ಕಾರ್ಬನ್ 14 ಸಿಕ್ಕಿದ್ದು 1940ರಲ್ಲಿ, ಇದೇ ಪ್ರಯೋಗಾಲಯದ ಕಾಮೆನ್ ಮತ್ತು ರೂಬೆನ್ ಅವರಿಗೆ.

ಲಾರೆನ್ಸ್ ಅವರ ತಮ್ಮ ಜಾನ್ ವೈದ್ಯರು. ಅವರು ಸೈಕ್ಲೋಟ್ರಾನ್‌ನಲ್ಲಿ ತಯಾರಾದ ವಿಕಿರಣಶೀಲ ರಂಜಕವನ್ನು ರಕ್ತದ ಕ್ಯಾನ್ಸರ್ ರೋಗಿಗಳಿಗೆ ಕೊಟ್ಟು ನೋಡಿದರು. ಅಣ್ಣತಮ್ಮಂದಿರ ತಾಯಿಗೇ ಕ್ಯಾನ್ಸರ್ ಕಾಣಿಸಿಕೊಂಡಾಗ, ಬದುಕುವುದು ಕೆಲವೇ ತಿಂಗಳು ಎಂದು ವೈದ್ಯರು ಕೈಚೆಲ್ಲಿದ್ದರು. ಲಾರೆನ್ಸ್ ಶಿಷ್ಯರೊಬ್ಬರು ರೂಪಿಸಿದ ಹತ್ತು ಲಕ್ಷ ವೋಲ್ಟ್‌ನ ಎಕ್ಸ್‌ರೇ ಯಂತ್ರದಿಂದ ಚಿಕಿತ್ಸೆ ನಡೆದು ಆಕೆ ಇನ್ನೂ ಹಲವು ವರ್ಷ ಬದುಕಿದರು. ಕಾಯಿಲೆ ವಾಸಿಮಾಡುವ ಆಸೆ ತೋರಿಸಿದರೆ ದಾನಿಗಳ ಕೈ ಸಡಿಲವಾಗುತ್ತದೆ ಎಂಬುದೂ ಲಾರೆನ್ಸ್‌ಗೆ ಗೊತ್ತಿತ್ತು. 1930ರ ದಶಕದ ಆರ್ಥಿಕ ಕುಸಿತದಲ್ಲೂ ಅವರ ಯಂತ್ರಗಳು ಬೆಳೆದದ್ದರಲ್ಲಿ ವೈದ್ಯಕೀಯದ ಪಾಲು ದೊಡ್ಡದು.

ಇಲ್ಲೊಂದು ಮಾತು ಹೇಳಿಬಿಡಬೇಕು. ಇಂದು ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿಕೊಳ್ಳುವ ರೋಗಿಗೆ ಚುಚ್ಚುವ ಫ್ಲೋರಿನ್ 18 ಬೆರೆತ ಗ್ಲೂಕೋಸ್ ತಯಾರಾಗುವುದು ಸೈಕ್ಲೋಟ್ರಾನ್‌ನಲ್ಲಿಯೇ. 110 ನಿಮಿಷಕ್ಕೆ ಅದು ಅರ್ಧ ಕರಗಿಹೋಗುವುದರಿಂದ ಊರಿಗೆ ಹತ್ತಿರದಲ್ಲೇ ಯಂತ್ರ ಇರಬೇಕು. ಆ ಯಂತ್ರಗಳ ಶಕ್ತಿ ಎಷ್ಟು? ಹತ್ತರಿಂದ ಇಪ್ಪತ್ತು ಮಿಲಿಯನ್ ಎಲೆಕ್ಟ್ರಾನ್ ವೋಲ್ಟ್‌ನ ಆಸುಪಾಸು. ಲಾರೆನ್ಸ್ 1939ರಲ್ಲಿ ಮುಗಿಸಿದ 60 ಇಂಚಿನ ಯಂತ್ರವೂ ಹೆಚ್ಚುಕಡಿಮೆ ಅಲ್ಲಿಗೇ ತಲುಪಿತ್ತು. ವೈದ್ಯರಿಗೆ ಅದಕ್ಕಿಂತ ಹೆಚ್ಚಿನದು ಬೇಕಾಗಲಿಲ್ಲ.

1939ರ ನೊಬೆಲ್ ಲಾರೆನ್ಸ್‌ಗೆ ಬಂತು. ಯುದ್ಧ ಶುರುವಾಗಿದ್ದರಿಂದ ಸ್ಟಾಕ್‌ಹೋಮ್‌ಗೆ ಹೋಗದೆ ಬರ್ಕ್ಲಿಯಲ್ಲೇ 1940ರ ಫೆಬ್ರವರಿ 29ರಂದು ಪಡೆದರು. ಅದೇ ಹೊತ್ತಿಗೆ ಅವರ ತಲೆಯಲ್ಲಿ 184 ಇಂಚಿನ ಯಂತ್ರ ಓಡುತ್ತಿತ್ತು. ಬರೀ ಕಾಂತವೇ ಸುಮಾರು 4,000 ಟನ್. ಏಪ್ರಿಲ್‌ನಲ್ಲಿ ರಾಕ್‌ಫೆಲರ್ ಪ್ರತಿಷ್ಠಾನ 11.5 ಲಕ್ಷ ಡಾಲರ್ ಕೊಡಲು ಒಪ್ಪಿತು. 25 ಡಾಲರ್‌ನ ಡಬ್ಬಿಯಿಂದ ಅಲ್ಲಿಗೆ ಬರಲು ಹಿಡಿದದ್ದು ಒಂಬತ್ತೇ ವರ್ಷ.

ಇದರಲ್ಲೊಂದು ತೊಡಕಿತ್ತು. ಹ್ಯಾನ್ಸ್ ಬೆಥೆ ಮತ್ತು ಮೋರಿಸ್ ರೋಸ್ 1937ರಲ್ಲೇ ಎಚ್ಚರಿಸಿದ್ದರು. ಐನ್‌ಸ್ಟೈನ್ ನಿಯಮದಂತೆ ಕಣದ ವೇಗ ಬೆಳಕಿನ ವೇಗದತ್ತ ಸಾಗಿದಂತೆ ಅದು ಹೆಚ್ಚು ಹೆಚ್ಚು ಭಾರವಾದ ಕಣದಂತೆ ವರ್ತಿಸುತ್ತದೆ. ಆಗ ಸುತ್ತಿಗೆ ಬೇಕಾಗುವ ಹೊತ್ತು ಹೆಚ್ಚುತ್ತದೆ, ತಾಳ ತಪ್ಪುತ್ತದೆ. ಮಗು ಇನ್ನೂ ಹಿಂದಕ್ಕೆ ಬರುತ್ತಿರುವಾಗಲೇ ನೀವು ಜೋಕಾಲಿ ತಳ್ಳಿದರೆ ಅದು ನಿಧಾನವಾಗುತ್ತದೆಯೇ ಹೊರತು ಏರುವುದಿಲ್ಲ. ಅಂದರೆ ಯಂತ್ರ ಎಷ್ಟೇ ಅಗಲವಾಗಲಿ, ಒಂದು ಮಿತಿಯ ಆಚೆಗೆ ಶಕ್ತಿ ಹೆಚ್ಚುವುದಿಲ್ಲ. ಲಾರೆನ್ಸ್ ಇದಕ್ಕೆ ಸೊಪ್ಪು ಹಾಕಲಿಲ್ಲ. ಹತ್ತು ಲಕ್ಷ ವೋಲ್ಟ್‌ನಿಂದ ತಳ್ಳಿದರೆ ತಾಳ ತಪ್ಪುವ ಮೊದಲೇ ಕೆಲಸ ಮುಗಿಯುತ್ತದೆ ಎಂಬುದು ಅವರ ಉತ್ತರ. ಕಿಡಿಯ ಕಾಟ ತಪ್ಪಿಸಲೆಂದೇ ಸೈಕ್ಲೋಟ್ರಾನ್ ಹುಟ್ಟಿಸಿದವರು ತಿರುಗಿ ಹತ್ತು ಲಕ್ಷ ವೋಲ್ಟ್‌ಗೇ ಬಂದು ನಿಂತಿದ್ದರು.

ಯುದ್ಧ ಬಂದು ಆ ಯೋಜನೆ ನಿಂತಿತು. 184 ಇಂಚಿನ ಕಾಂತ ಯುರೇನಿಯಂ ಬೇರ್ಪಡಿಸುವ ಪ್ರಯೋಗಕ್ಕೆ ಬಳಕೆಯಾಯಿತು. ಅದರ ಆಧಾರದಲ್ಲಿ ಓಕ್ ರಿಜ್‌ನಲ್ಲಿ ದೈತ್ಯ ಕಾರ್ಖಾನೆ ಎದ್ದಿತು. ತಾಮ್ರದ ಅಭಾವದಿಂದ ಕಾಂತದ ಸುರುಳಿಗಳಿಗೆ ಅಮೆರಿಕ ಸರ್ಕಾರದ ಖಜಾನೆಯಿಂದ 13 ಸಾವಿರ ಟನ್‌ಗೂ ಹೆಚ್ಚು ಬೆಳ್ಳಿ ತಂದರು. ಹಿರೋಷಿಮಾ ಬಾಂಬಿನ ಯುರೇನಿಯಂ ಹಾದುಬಂದದ್ದು ಈ ಯಂತ್ರಗಳಿಂದ. ಖಾಸಗಿ ದಾನಿಗಳ ಮುಂದೆ ಟೋಪಿ ಹಿಡಿದು ನಿಲ್ಲುತ್ತಿದ್ದ ಭೌತವಿಜ್ಞಾನಕ್ಕೆ ಯುದ್ಧದ ನಂತರ ಸರ್ಕಾರವೇ ತಿಜೋರಿ ತೆರೆಯಿತು. ಯಂತ್ರಗಳು ದೊಡ್ಡದಾದದ್ದರ ಹಿಂದೆ ವಿಜ್ಞಾನದ ಕುತೂಹಲ ಎಷ್ಟಿತ್ತೋ ಆ ಭಯ, ಕೃತಜ್ಞತೆಗಳೂ ಅಷ್ಟೇ ಇದ್ದವು.

ಷಡ್ಡಕ ಬಿಡಿಸಿದ ಗಂಟು

184 ಇಂಚಿನ ಯಂತ್ರವನ್ನು ಉಳಿಸಿದ್ದು ಮತ್ತೆ ಒಂದು ಯೋಚನೆ. ಎಡ್ವಿನ್ ಮೆಕ್‌ಮಿಲನ್ 1945ರಲ್ಲಿ ಅದನ್ನು ಕಂಡುಕೊಂಡರು. ರಷ್ಯಾದ ವೆಕ್ಸ್ಲರ್ ಒಂದು ವರ್ಷ ಮೊದಲೇ ಬೇರೆಯಾಗಿ ಅಲ್ಲಿಗೆ ತಲುಪಿದ್ದರು. ಮೆಕ್‌ಮಿಲನ್ ಲಾರೆನ್ಸ್ ಅವರ ಷಡ್ಡಕ, ಅಕ್ಕತಂಗಿಯರನ್ನು ಮದುವೆಯಾದವರು. ಅವರ ಉಪಾಯ ಸರಳ: ಕಣದ ತಾಳ ನಿಧಾನವಾದರೆ ತಳ್ಳುವವನ ತಾಳವನ್ನೂ ನಿಧಾನ ಮಾಡಿ. ಹಾಗೆ ಮಾಡಿದರೆ ಸ್ವಲ್ಪ ಹಿಂದೆಮುಂದೆ ಇದ್ದ ಕಣಗಳೂ ತಾವಾಗಿ ಗುಂಪಿಗೆ ಬಂದು ಸೇರಿಕೊಳ್ಳುತ್ತವೆ. ಹತ್ತು ಲಕ್ಷ ವೋಲ್ಟ್‌ನ ಹಂಗು ಬೇಕಾಗಲಿಲ್ಲ. 1946ರ ನವೆಂಬರ್‌ನಲ್ಲಿ ಯಂತ್ರ ಓಡಿತು, ಮೊದಲು ಎಣಿಸಿದ್ದಕ್ಕಿಂತ ಹೆಚ್ಚು ಶಕ್ತಿಯನ್ನೇ ಕೊಟ್ಟಿತು.

ಈ ಯಂತ್ರದಲ್ಲೂ ಹಳೆಯ ಕಥೆ ಮರುಕಳಿಸಿತು. ಪಯಾನ್ ಎಂಬ ಕಣವನ್ನು 1947ರಲ್ಲಿ ಕಂಡವರು ಬ್ರಿಸ್ಟಲ್‌ನ ಪೊವೆಲ್, ಲಾಟೆಸ್, ಒಕಿಯಾಲಿನಿ. ಅವರ ಬಳಿ ವೇಗವರ್ಧಕವೇ ಇರಲಿಲ್ಲ. ಬೆಟ್ಟದ ತುದಿಯಲ್ಲಿ ಫೋಟೊ ಫಲಕಗಳನ್ನಿಟ್ಟು, ಆಕಾಶದಿಂದ ಬರುವ ವಿಶ್ವಕಿರಣಗಳ ಜಾಡನ್ನು ಸೂಕ್ಷ್ಮದರ್ಶಕದಲ್ಲಿ ಹುಡುಕಿದರು. (ಡಾರ್ಜಿಲಿಂಗ್‌ನ ಬೆಟ್ಟದಲ್ಲಿ ಡಿ.ಎಂ. ಬೋಸ್ ಮತ್ತು ವಿಭಾ ಚೌಧುರಿ ಇದೇ ಬಗೆಯ ಪ್ರಯತ್ನವನ್ನು ಅದಕ್ಕೂ ಮೊದಲೇ ಮಾಡಿದ್ದರು. 1965ರಲ್ಲಿ ನಮ್ಮ ಕೋಲಾರದ ಚಿನ್ನದ ಗಣಿಯ ಆಳದಲ್ಲಿ ವಾತಾವರಣದ ನ್ಯೂಟ್ರಿನೊಗಳ ಸುಳಿವು ಸಿಕ್ಕಿದ್ದೂ ಹೀಗೆ, ಆಕಾಶವನ್ನೇ ವೇಗವರ್ಧಕ ಮಾಡಿಕೊಂಡು.) ಬರ್ಕ್ಲಿಯ 184 ಇಂಚಿನ ಯಂತ್ರ ಅಷ್ಟರಲ್ಲಿ ಪಯಾನ್‌ಗಳನ್ನು ರಾಶಿರಾಶಿಯಾಗಿ ಸೃಷ್ಟಿಸುತ್ತಿತ್ತು, ಯಾರೂ ಕಂಡಿರಲಿಲ್ಲ. 1948ರಲ್ಲಿ ಲಾಟೆಸ್ ಎಂಬ 23 ವರ್ಷದ ಬ್ರೆಜಿಲ್ ಯುವಕ ಬ್ರಿಸ್ಟಲ್‌ನ ವಿಧಾನವನ್ನು ಹೊತ್ತು ಅಲ್ಲಿಗೆ ಬಂದ. ಕೆಲವೇ ದಿನಗಳಲ್ಲಿ ಗಾರ್ಡ್ನರ್ ಜೊತೆ ಸೇರಿ ಅವನ್ನು ತೋರಿಸಿಕೊಟ್ಟ.

ಲಾರೆನ್ಸ್ ಅವರ ಕೊನೆಯ ದೊಡ್ಡ ಗೆಲುವು ಬೆವಟ್ರಾನ್. 1954ರಲ್ಲಿ ಓಡಿದ ಈ ಯಂತ್ರದ ಕಾಂತವೇ ಸುಮಾರು 10,000 ಟನ್, ಶಕ್ತಿ 6.2 ಶತಕೋಟಿ ಎಲೆಕ್ಟ್ರಾನ್ ವೋಲ್ಟ್. ಈ ಸಲ ಪ್ರಶ್ನೆ ಮೊದಲೇ ಸ್ಪಷ್ಟವಾಗಿತ್ತು: ಪ್ರೋಟಾನ್‌ನ ಪ್ರತಿರೂಪವಾದ ಪ್ರತಿಪ್ರೋಟಾನ್ ಇದೆಯೇ? ಅದನ್ನು ಸೃಷ್ಟಿಸಲು ಬೇಕಾಗುವಷ್ಟೇ ಶಕ್ತಿಗೆ ಯಂತ್ರ ಕಟ್ಟಿದರು. 1955ರಲ್ಲಿ ಅದು ಸಿಕ್ಕಿತು, ಸೆಗ್ರೆ ಮತ್ತು ಚೇಂಬರ್ಲಿನ್‌ಗೆ 1959ರಲ್ಲಿ ನೊಬೆಲ್ ಬಂತು.

ಆದರೆ ಲೆಕ್ಕ ನೋಡಿ. ಒಂದು ಪ್ರೋಟಾನ್ ಮತ್ತು ಒಂದು ಪ್ರತಿಪ್ರೋಟಾನ್ ಹುಟ್ಟಿಸಲು ನಿಜವಾಗಿ ಬೇಕಾಗುವುದು ಸುಮಾರು 2 ಶತಕೋಟಿ. 6 ಯಾಕೆ ಬೇಕಾಯಿತು? ಕೇರಂ ಬೋರ್ಡಿನಲ್ಲಿ ನಿಂತ ಕಾಯಿಗೆ ಸ್ಟ್ರೈಕರ್ ಹೊಡೆದರೆ ಹೆಚ್ಚಿನ ಶಕ್ತಿ ಕಾಯಿಯನ್ನು ಮುಂದಕ್ಕೆ ಓಡಿಸುವುದರಲ್ಲೇ ಹೋಗುತ್ತದೆ. ನಿಂತ ಗುರಿಗೆ ಕಣ ಹೊಡೆದಾಗಲೂ ಹಾಗೇ. ಶಕ್ತಿ ಏರಿದಂತೆ ಈ ನಷ್ಟವೂ ಏರುತ್ತದೆ. ಬಳಕೆಗೆ ಸಿಗುವ ಶಕ್ತಿಯನ್ನು ಹತ್ತು ಪಟ್ಟು ಮಾಡಬೇಕಾದರೆ ಯಂತ್ರದ ಶಕ್ತಿಯನ್ನು ನೂರು ಪಟ್ಟು ಮಾಡಬೇಕು. ಇಳಿಮುಖ ಪ್ರತಿಫಲ ಇಲ್ಲಿ ಬರೀ ಹಣಕಾಸಿನ ಮಾತಲ್ಲ, ನಿಸರ್ಗದ ಗಣಿತದಲ್ಲೇ ಇದೆ.

ಬೆವಟ್ರಾನ್ ಸಿದ್ಧವಾಗುತ್ತಿದ್ದ ಅದೇ 1954ರ ಜನವರಿಯಲ್ಲಿ ಎನ್ರಿಕೊ ಫರ್ಮಿ ನ್ಯೂಯಾರ್ಕ್‌ನ ಒಂದು ಭಾಷಣದಲ್ಲಿ ಅರ್ಧ ತಮಾಷೆಗೆ ಒಂದು ಲೆಕ್ಕ ಹಾಕಿದರು. ಯಂತ್ರಗಳು ಇದೇ ವೇಗದಲ್ಲಿ ಬೆಳೆದರೆ 1994ರ ಹೊತ್ತಿಗೆ ಭೂಮಿಯನ್ನೇ ಸುತ್ತುವರಿದ, 8,000 ಕಿಲೋಮೀಟರ್ ತ್ರಿಜ್ಯದ ವೇಗವರ್ಧಕ ಬೇಕಾಗುತ್ತದೆ, ಅದರ ವೆಚ್ಚ 17,000 ಕೋಟಿ ಡಾಲರ್. ಅಷ್ಟು ಮಾಡಿದರೂ ಘರ್ಷಣೆಯಲ್ಲಿ ಬಳಕೆಗೆ ಸಿಗುವುದು ಸುಮಾರು 3 ಲಕ್ಷ ಕೋಟಿ ಎಲೆಕ್ಟ್ರಾನ್ ವೋಲ್ಟ್. ಇಂದಿನ ಜಿನೀವಾದ 27 ಕಿಲೋಮೀಟರ್ ಉಂಗುರದಲ್ಲಿ ಅದರ ನಾಲ್ಕು ಪಟ್ಟಿಗೂ ಹೆಚ್ಚು ಸಿಗುತ್ತದೆ!

ಅದು ಹೇಗೆ? ನಿಂತ ಗುರಿಯನ್ನು ಬಿಟ್ಟು ಎರಡೂ ಕಡೆಯಿಂದ ಕಣಗಳನ್ನು ಎದುರುಬದುರು ಓಡಿಸಿ ಡಿಕ್ಕಿ ಹೊಡೆಸಿದ್ದರಿಂದ. ಆಗ ಮುಂದಕ್ಕೆ ಓಡುವ ನಷ್ಟವೇ ಇಲ್ಲ. ಈ ಉಪಾಯಕ್ಕೆ ಎಲ್ಲರಿಗಿಂತ ಮೊದಲು, ಯುದ್ಧದ ನಡುವೆ 1943ರಲ್ಲೇ ಪೇಟೆಂಟ್ ಅರ್ಜಿ ಹಾಕಿದವರು ಯಾರು ಗೊತ್ತೇ? ಲಾರೆನ್ಸ್ ಗ್ರಂಥಾಲಯದಲ್ಲಿ ಚಿತ್ರ ನೋಡಿದ್ದ ಲೇಖನದ ಲೇಖಕ, ಅದೇ ರೋಲ್ಫ್ ವಿಡೆರೋ.

ಇನ್ನೊಂದು ಉಪಾಯ ಕಣಗಳ ಕಟ್ಟನ್ನು ಬಿಗಿಯಾಗಿ ಹಿಡಿದಿಡುವುದು. ಕಟ್ಟು ಸಣ್ಣದಾದರೆ ಕೊಳವೆ ಸಣ್ಣದು, ಕಾಂತವೂ ಸಣ್ಣದು. 1952ರಲ್ಲಿ ಅದನ್ನು ಬ್ರೂಕ್‌ಹೇವನ್‌ನಲ್ಲಿ ಕಂಡುಕೊಂಡ ಮೂವರಲ್ಲಿ ಒಬ್ಬರು ಮೊದಲ ಸೈಕ್ಲೋಟ್ರಾನ್ ಕಟ್ಟಿದ ಲಿವಿಂಗ್‌ಸ್ಟನ್. ಗ್ರೀಸ್‌ನ ಕ್ರಿಸ್ಟೊಫಿಲೊಸ್ ಎಂಬ ಎಂಜಿನಿಯರ್‌ಗೆ ಅದಕ್ಕೂ ಮುಂಚೆಯೇ ಅದು ಹೊಳೆದಿತ್ತು. 1959ರಲ್ಲಿ ಜಿನೀವಾದಲ್ಲಿ ಈ ತತ್ವದಿಂದ ಕಟ್ಟಿದ ಯಂತ್ರ ಬೆವಟ್ರಾನ್‌ಗಿಂತ ಹಗುರವಾದ ಕಾಂತಗಳಿಂದಲೇ ಅದರ ನಾಲ್ಕು ಪಟ್ಟು ಶಕ್ತಿ ಕೊಟ್ಟಿತು. ಲಿವಿಂಗ್‌ಸ್ಟನ್ ಹೆಸರಿನ ಒಂದು ನಕ್ಷೆಯೂ ಇದೆ. ವರ್ಷಗಳ ಎದುರು ಯಂತ್ರಗಳ ಶಕ್ತಿಯನ್ನು ಗುರುತಿಸಿದರೆ ಒಟ್ಟು ಗೆರೆ ದಶಕಗಟ್ಟಲೆ ನೇರವಾಗಿ ಮೇಲೇರಿದಂತೆ ಕಾಣುತ್ತದೆ. ಹತ್ತಿರದಿಂದ ನೋಡಿ, ಅದು ಒಂದು ಗೆರೆಯಲ್ಲ. ಪ್ರತಿಯೊಂದು ಬಗೆಯ ಯಂತ್ರವೂ ಸ್ವಲ್ಪ ಏರಿ ಚಪ್ಪಟೆಯಾಗಿಬಿಡುತ್ತದೆ. ಆಗ ಬೇರೆ ಬಗೆಯ ಯಂತ್ರವೊಂದು ಅದರ ಹೆಗಲ ಮೇಲಿಂದ ಹೊರಡುತ್ತದೆ. ಹೊಸ ಬಗೆ ಬಾರದೆ ಹಳೆಯದನ್ನೇ ಹಿಗ್ಗಿಸಲು ಹೊರಟಾಗ ಖರ್ಚು ಕೈಮೀರುತ್ತದೆ. ಟೆಕ್ಸಾಸ್‌ನಲ್ಲಿ 87 ಕಿಲೋಮೀಟರ್‌ನ ಉಂಗುರ ತೋಡಲು ಹೊರಟ ಅಮೆರಿಕ ಸುಮಾರು 200 ಕೋಟಿ ಡಾಲರ್ ಸುರಿದ ಮೇಲೆ 1993ರಲ್ಲಿ ಕೈಬಿಟ್ಟಿತು.

91 ಕಿಲೋಮೀಟರ್‌ನ ಹೊಸ ಉಂಗುರದ ಪರ ಇರುವವರ ವಾದದಲ್ಲೂ ಹುರುಳಿದೆ. ಮೊದಲ ಹಂತದಲ್ಲಿ ಅವರು ಶಕ್ತಿಯ ದಾಖಲೆ ಮುರಿಯಲು ಹೊರಟಿಲ್ಲ, ಹಿಗ್ಸ್ ಕಣವನ್ನು ಇನ್ನಷ್ಟು ನಿಖರವಾಗಿ ಅಳೆಯಲು ಹೊರಟಿದ್ದಾರೆ. ಪ್ರತಿಪ್ರೋಟಾನ್‌ನಂತೆ ಇಂಥ ಶಕ್ತಿಯಲ್ಲಿ ಇಂಥದ್ದು ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಮಾತ್ರ ಈ ಸಲ ಇಲ್ಲ. ನನ್ನನ್ನು ಕೇಳಿದರೆ, ಉಂಗುರ ತೋಡುವುದಕ್ಕೆ ಮೊದಲು ಕಡಿಮೆ ದೂರದಲ್ಲಿ ಹೆಚ್ಚು ವೇಗ ಕೊಡುವ ಹೊಸ ವಿಧಾನಗಳಿಗೆ ಇನ್ನಷ್ಟು ಹಣ ಕೊಡಬೇಕು. ಪ್ಲಾಸ್ಮಾದ ಅಲೆಯ ಮೇಲೆ ಎಲೆಕ್ಟ್ರಾನ್‌ಗಳನ್ನು ಸವಾರಿ ಮಾಡಿಸುವ ಪ್ರಯೋಗಗಳು ಹಲವು ಕಡೆ ನಡೆಯುತ್ತಿವೆ. 2017ರಿಂದ ಭಾರತವೂ ಜಿನೀವಾದ ಸರ್ನ್ ಸಂಸ್ಥೆಯ ಸಹಸದಸ್ಯ ರಾಷ್ಟ್ರ, ಹಾಗಾಗಿ ಈ ಲೆಕ್ಕ ನಮಗೂ ಸಂಬಂಧಿಸಿದ್ದು. ಅಂದಹಾಗೆ ಭಾರತಕ್ಕೆ ಸೈಕ್ಲೋಟ್ರಾನ್ ವಿದ್ಯೆಯನ್ನು ತಂದ ಬಿ.ಡಿ. ನಾಗಚೌಧುರಿ ಬರ್ಕ್ಲಿಯಲ್ಲಿ ಲಾರೆನ್ಸ್ ಅವರ ಶಿಷ್ಯರೇ. ಮೇಘನಾದ ಸಹಾ ಅವರ ಜೊತೆ ಸೇರಿ ಕಲ್ಕತ್ತೆಯಲ್ಲಿ ಯಂತ್ರ ಕಟ್ಟಿದರು.

ಕೊನೆಯ ವರ್ಷಗಳು

ಬೆವಟ್ರಾನ್ ಹೊತ್ತಿಗೆ ಲಾರೆನ್ಸ್ ಪ್ರಯೋಗಶಾಲೆಗಿಂತ ವಾಷಿಂಗ್ಟನ್ ಕಚೇರಿಗಳಲ್ಲೇ ಹೆಚ್ಚು ಕಾಣುತ್ತಿದ್ದರು. ಬಾಂಬಿಗೆ ಬೇಕಾದ ವಸ್ತುವನ್ನು ವೇಗವರ್ಧಕದಲ್ಲೇ ತಯಾರಿಸುವ ಒಂದು ಭಾರಿ ಯೋಜನೆಯನ್ನು ಲಿವರ್‌ಮೋರ್‌ನಲ್ಲಿ ಶುರುಮಾಡಿದರು. ಅಮೆರಿಕದಲ್ಲೇ ಬೇಕಾದಷ್ಟು ಯುರೇನಿಯಂ ಸಿಕ್ಕಿದ್ದರಿಂದ ಕೆಲವೇ ವರ್ಷಗಳಲ್ಲಿ ಅದನ್ನು ಮುಚ್ಚಬೇಕಾಯಿತು. ಅದೇ ಜಾಗದಲ್ಲಿ 1952ರಲ್ಲಿ ಅಣ್ವಸ್ತ್ರ ಪ್ರಯೋಗಾಲಯ ಎದ್ದಿತು. ಒಂದು ಕಾಲಕ್ಕೆ ಓಪನ್‌ಹೈಮರ್ ಮೇಲಿನ ಪ್ರೀತಿಯಿಂದ ಮಗನಿಗೆ ರಾಬರ್ಟ್ ಎಂದು ಹೆಸರಿಟ್ಟವರು, ಹೈಡ್ರೋಜನ್ ಬಾಂಬಿನ ಜಗಳದಲ್ಲಿ ಅವರಿಂದ ಪೂರ್ತಿ ದೂರವಾದರು. ಬಿಡುವಿನಲ್ಲಿ ಗ್ಯಾರೇಜಿನಲ್ಲಿ ಕುಳಿತು ಬಣ್ಣದ ಟಿವಿಗೆ ಹೊಸ ಬಗೆಯ ಕೊಳವೆಯೊಂದನ್ನು ರೂಪಿಸಿದ್ದೂ ಇದೇ ಕಾಲದಲ್ಲಿ. ಗ್ಯಾರೇಜಿನ ಲಾರೆನ್ಸ್ ನನಗೆ ಹೆಚ್ಚು ಇಷ್ಟ.

ದೊಡ್ಡ ಕರುಳಿನ ಹುಣ್ಣು ಅವರನ್ನು ವರ್ಷಗಟ್ಟಲೆ ಕಾಡುತ್ತಿತ್ತು. 1958ರ ಜುಲೈನಲ್ಲಿ ಅಣ್ವಸ್ತ್ರ ಪರೀಕ್ಷೆಗಳ ನಿಷೇಧದ ಮಾತುಕತೆಗೆ ಅವರನ್ನು ಜಿನೀವಾಕ್ಕೆ ಕಳಿಸಲಾಯಿತು. ಅಲ್ಲಿ ಕಾಯಿಲೆ ಉಲ್ಬಣಿಸಿತು. ವಾಪಸು ಕರೆತಂದು ಶಸ್ತ್ರಚಿಕಿತ್ಸೆ ಮಾಡಿದರೂ ಫಲಿಸಲಿಲ್ಲ. ಆಗಸ್ಟ್ 27ರಂದು ತೀರಿಕೊಂಡಾಗ ಅವರಿಗೆ 57 ವರ್ಷ. ಮೂರು ವರ್ಷದ ನಂತರ ಬರ್ಕ್ಲಿಯಲ್ಲಿ ಸೃಷ್ಟಿಯಾದ 103ನೇ ಮೂಲವಸ್ತುವಿಗೆ ಲಾರೆನ್ಸಿಯಂ ಎಂದು ಹೆಸರಿಟ್ಟರು.

ಬೆವಟ್ರಾನ್ ಈಗ ಇಲ್ಲ, ಅದರ ಕಟ್ಟಡವನ್ನೂ ಕೆಡವಿದ್ದಾರೆ. 184 ಇಂಚಿನ ಯಂತ್ರದ ಗುಮ್ಮಟ ಮಾತ್ರ ಬೆಟ್ಟದ ಮೇಲೆ ಹಾಗೇ ಇದೆ. 1993ರಿಂದ ಅದರಡಿಯಲ್ಲಿ ಬೇರೆಯದೇ ಒಂದು ವೇಗವರ್ಧಕ ಓಡುತ್ತಿದೆ. ಶಕ್ತಿಯಲ್ಲಿ ಅದು ಬೆವಟ್ರಾನ್‌ನ ಮೂರನೇ ಒಂದು ಭಾಗವೂ ಇಲ್ಲ. ಎಲೆಕ್ಟ್ರಾನ್‌ಗಳು ಅಲ್ಲಿ ಸುತ್ತುತ್ತ ಪ್ರಖರವಾದ ಎಕ್ಸ್‌ರೇ ಬೆಳಕು ಸೂಸುತ್ತವೆ. ಆ ಬೆಳಕಿನ ಸುತ್ತ ಜಾಗ ಹಿಡಿದು ಕುಳಿತಿರುವವರಲ್ಲಿ ಪ್ರೋಟೀನ್‌ಗಳ ಆಕಾರ ನೋಡುವವರು, ಬ್ಯಾಟರಿಯ ವಸ್ತುಗಳನ್ನು ಪರೀಕ್ಷಿಸುವವರು ಇದ್ದಾರೆ.